ಬಾಲಮನಸ್ಸಿನ ತಡೆಗಳು



ಓದಲೊಲ್ಲದ, ಆಡಲೊಲ್ಲದ, ಬೀದಿಗಿಳಿಯಲು ಹೆದರುವ ಮಗುವನ್ನು ಹಟಮಾರಿಯೆಂದೋ ಮಂದಮತಿಯೆಂದೋ ಕರೆದು ಸುಮ್ಮನಾಗುವುದು ಲೋಕದ ರೂಢಿ. ಆ ಒಲ್ಲೆನೆಂಬುದರ ಹಿಂದೆ ಎಳೆಯ ಮನಸ್ಸು ಪಡುತ್ತಿರುವ ಶ್ರಮವೊಂದಿದೆಯೆಂಬ ಅರಿವು ಮನೋವಿಶ್ಲೇಷಣಶಾಸ್ತ್ರದಲ್ಲಿ ಸ್ಫುಟಗೊಂಡದ್ದು 1908ರಲ್ಲಿ, ವಿಯೆನ್ನಾ ನಗರದ, ಐದು ತುಂಬುತ್ತಿದ್ದ ಬಾಲಕನೊಬ್ಬನ ನಿಮಿತ್ತವಾಗಿ.

ಮನೋವಿಶ್ಲೇಷಣೆಯ ಜನಕ ಫ್ರಾಯ್ಡನು ಹಾನ್ಸ್ ಎಂದು ಕರೆದಿರುವ ಈ ಹುಡುಗನು, ಗಾಡಿಯ ಕುದುರೆಯೊಂದು ಬಿದ್ದು ಕಾಲು ಬಡಿದುದನ್ನು ಕಂಡವನು, ಕುದುರೆ ಕಚ್ಚೀತೆಂಬ ಭಯದಿಂದ ಬೀದಿಗೆ ಕಾಲಿಡದಾದನು. ಚಿಕಿತ್ಸೆ ನಡೆಸಿದವನು ತಂದೆಯೇ; ಆ ಅವಧಿಯಲ್ಲಿ ಫ್ರಾಯ್ಡನು ಬಾಲಕನನ್ನು ಕಂಡದ್ದು ಒಮ್ಮೆ ಮಾತ್ರ. ಕುದುರೆಯ ಬಾಯಿಯ ಸುತ್ತಣ ಕಪ್ಪು, ಕಣ್ಣಿನ ಬಳಿಯ ಪಟ್ಟಿ ಇವುಗಳ ಮಾತು ಬಂದಾಗ, ಎದುರಿಗೆ ಕುಳಿತಿದ್ದ ತಂದೆಯ ಮೀಸೆಯೂ ಕನ್ನಡಕವೂ ಫ್ರಾಯ್ಡನ ಗಮನವನ್ನು ಸೆಳೆದು, ಕುದುರೆಯ ಭಯದ ಹಿಂದಿರುವುದು ತಂದೆಯ ಭಯವೆಂದು ತೋರಿಸಿದುವು.

1926ರಲ್ಲಿ, ಪ್ರತಿಬಂಧ, ಲಕ್ಷಣ, ಆತಂಕಗಳನ್ನು ಕುರಿತ ಗ್ರಂಥದಲ್ಲಿ, ಫ್ರಾಯ್ಡನು ಇದೇ ಪ್ರಸಂಗವನ್ನು ಮತ್ತೆ ಕೈಗೆತ್ತಿಕೊಂಡನು. ಬೀದಿಗೆ ಹೋಗಲಾರದಿರುವುದು ಪ್ರತಿಬಂಧ, ಎಂದರೆ ಆತಂಕವು ತಲೆಯೆತ್ತದಿರಲೆಂದು ‘ನಾನು’ ಎಂಬ ಅಹಂ ತನಗೆ ತಾನೇ ವಿಧಿಸಿಕೊಂಡ ಕಟ್ಟು. ತಂದೆಯ ಸ್ಥಾನದಲ್ಲಿ ಕುದುರೆ ಬಂದು ನಿಂತಿರುವುದು ಲಕ್ಷಣ. ಹುಡುಗನು ಪ್ರೀತಿಸುತ್ತಲೇ ಹೆದರುವ ತಂದೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕುದುರೆಯಿಂದಲಾದರೋ, ಮನೆಯೊಳಗುಳಿದರೆ ತಪ್ಪಿಸಿಕೊಂಡಂತೆಯೇ. ಒಲ್ಲದ ಬಯಕೆಯನ್ನು ಅರಿವಿನಿಂದಾಚೆಗೆ ಅದುಮುವ ದಮನವೇ ಆತಂಕವನ್ನು ಹುಟ್ಟಿಸುವುದೆಂಬ ತನ್ನ ಹಳೆಯ ಸಿದ್ಧಾಂತವನ್ನು ಬಿಟ್ಟುಕೊಟ್ಟು, ಆತಂಕವೇ ದಮನಕ್ಕೆ ಪ್ರೇರಕವೆಂದು 69ರ ವಯಸ್ಸಿನಲ್ಲಿ ಬರೆದ ಆ ಧೀರತೆಯನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಫ್ರಾಯ್ಡನ ಈ ದಾರಿಯಲ್ಲಿ ಮಕ್ಕಳ ಚಿಕಿತ್ಸೆಗೆ ತೊಡಗಿದವರಲ್ಲಿ, ಬರ್ಲಿನ್ನಿನಲ್ಲಿ ಮನೋವಿಶ್ಲೇಷಕಿ ಮೆಲನೀ ಕ್ಲೈನ್ ಪುಟ್ಟ ಆಟಿಕೆಗಳನ್ನು ಮುಂದಿಟ್ಟು, ಮಗುವಿನ ಆಟವನ್ನೇ ಅದರ ಮಾತೆಂದು ಗ್ರಹಿಸಿದಳು. ಆದರೆ ಅರ್ಥ ಹೇಳುವುದರಲ್ಲಿ ಆಕೆ ತೋರುವ ತ್ವರೆ ನನಗೆ ಒಪ್ಪಿಗೆಯಾಗದು. ಫ್ರಾಯ್ಡನ ಮಗಳು ಅನ್ನಾ ಫ್ರಾಯ್ಡಳ 1936ರ ಗ್ರಂಥದಲ್ಲಿ ಬರುವ ಬಾಲಕನೊಬ್ಬನು ಉತ್ಸಾಹದಿಂದ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವನು, ಪಕ್ಕದಲ್ಲಿ ಆಕೆಯೂ ಅದನ್ನೇ ಮಾಡತೊಡಗಿದುದನ್ನು ಕಂಡು, ತನ್ನ ಹಾಳೆಯನ್ನು ಆಕೆಯ ಕಡೆಗೆ ಸರಿಸಿ, ತಾನು ನೋಡುತ್ತ ಕೂರುವುದೇ ಲೇಸೆಂದನಂತೆ. ಹೋಲಿಕೆಯಲ್ಲಿ ಸೋಲುವ ನೋವನ್ನು ತಾಳಲಾರದೆ ಆ ಕ್ಷೇತ್ರವನ್ನೇ ತ್ಯಜಿಸುವ ಈ ನಡೆಗೆ ಆಕೆ ಅಹಂಸಂಕೋಚವೆಂಬ ಅರ್ಥದ ಹೆಸರನ್ನಿತ್ತು, ಪ್ರತಿಬಂಧದಿಂದ ಅದನ್ನು ಬೇರ್ಪಡಿಸಿದಳು.

ಲಂಡನ್ನಿನ ಶಿಶುವೈದ್ಯ ವಿನಿಕಾಟನು 1941ರಲ್ಲಿ ಪ್ರಕಟಿಸಿದ ಅವಲೋಕನ ಇನ್ನೂ ಸೂಕ್ಷ್ಮವಾದುದು. ತಾಯಿಯ ತೊಡೆಯ ಮೇಲಿನ ಕೂಸು, ನಾಲಿಗೆಯನ್ನೊತ್ತಿ ಗಂಟಲು ನೋಡಲು ವೈದ್ಯರು ಬಳಸುವ ಹೊಳೆಯುವ ಪಟ್ಟಿಯೊಂದು ಮೇಜಿನಂಚಿನಲ್ಲಿರಲು, ಅದರತ್ತ ಕೈಚಾಚಿ, ಫಕ್ಕನೆ ತಡೆದು, ದೊಡ್ಡವರ ಮುಖ ನೋಡುವುದು. ಯಾರೂ ಅವಸರಿಸದಿದ್ದರೆ, ಕ್ರಮೇಣ ಬಾಯಲ್ಲಿ ಜೊಲ್ಲೂರಿ, ಅದನ್ನೆತ್ತಿ ಬಾಯಿಗಿಡುವುದು. ಏಳು ತಿಂಗಳ ಹೆಣ್ಣುಕೂಸೊಂದಕ್ಕೆ ಉಬ್ಬಸ ಬಂದದ್ದು ಸರಿಯಾಗಿ ಆ ಹಿಂಜರಿಕೆಯ ಹೊತ್ತಿನಲ್ಲಿ. ಪಟ್ಟಿಯನ್ನು ಕೈಗೆತ್ತಿಕೊಂಡು ಆಟದಲ್ಲಿ ತೊಡಗಿದಾಗ ಉಸಿರು ಸರಾಗವಾಯಿತು. ಮಾತೇ ಬಾರದ ವಯಸ್ಸಿನಲ್ಲಿ, ತಡೆಯೊಂದು ದೇಹದ ಲಕ್ಷಣವಾಗಿ ಪರಿಣಮಿಸಿ ಮತ್ತೆ ಕರಗಿಹೋಗುವುದನ್ನು ವೈದ್ಯನು ಹೀಗೆ ಕಣ್ಣಾರೆ ಕಂಡನು.