ಶಾಲೆಯ ಹಣ ಯಾವ ಮಗುವಿಗೆ?

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಶಿಕ್ಷಣತಜ್ಞನಲ್ಲ, ಸಾಹಿತಿಯೂ ಅಲ್ಲ. ಬಿ.ಕಾಂ. ಪಾಸು ಮಾಡಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಕದಂಬರ, ಹೊಯ್ಸಳರ ವೈಭವವನ್ನು ಬಣ್ಣಿಸಲು ನನಗಿಂತ ಸಮರ್ಥರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದುದರಿಂದ ನನಗೆ ಸ್ವಲ್ಪ ತಿಳಿದಿರುವ ವಿಷಯವನ್ನು, ಎಂದರೆ ಹಣದ ವಿಷಯವನ್ನು, ಅದರಲ್ಲಿಯೂ ಬಡಮಕ್ಕಳ ಶಾಲೆಗೆಂದು ಖರ್ಚಾಗುವ ಹಣದ ವಿಷಯವನ್ನು ಹೇಳಲು ಅಪ್ಪಣೆ ಬೇಡುತ್ತೇನೆ.

ಕಳೆದ ಜೂನ್ ತಿಂಗಳಲ್ಲಿ ನಮ್ಮ ಸಂಘದಿಂದ ನೋಟುಬುಕ್ಕುಗಳನ್ನು ಹಂಚಿದೆವು. ಪಡೆದವರ ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಾರ್ಕ್‌ಸೈಟಿನ ಗುಡ್ಡದ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ತಂದೆ ಕಲಬುರಗಿಯ ಕಡೆಯವರು, ಕಟ್ಟಡದ ಕೆಲಸ. ಮೂರನೆಯ ಇಯತ್ತೆ ಮುಗಿಸಿ ನಾಲ್ಕಕ್ಕೆ ಬಂದವಳು. "ಇಲ್ಲಿ ಹೆಸರು ಬರೆಯಮ್ಮ" ಎಂದೆ. ಪೆನ್ನು ಹಿಡಿದು ನನ್ನ ಮುಖ ನೋಡಿದಳು. ತಂದೆಯ ಮುಖ ನೋಡಿದಳು. ಆಮೇಲೆ ಮೆಲ್ಲನೆ ಹೆಬ್ಬೆರಳನ್ನು ಮುಂದೆ ಚಾಚಿದಳು.

ಮಹನೀಯರೇ, ದಿನವೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೇ ನನ್ನ ಉದ್ಯೋಗ. ಆದರೆ ಎಪ್ಪತ್ತರ ಅಜ್ಜಿಯ ಹೆಬ್ಬೆಟ್ಟು ಬೇರೆ, ಮೂರು ವರ್ಷ ಶಾಲೆಗೆ ಹೋಗಿ ಬಂದ ಮಗುವಿನ ಹೆಬ್ಬೆಟ್ಟು ಬೇರೆ. ಆ ದಿನ ಆರು ನೋಟುಬುಕ್ಕುಗಳನ್ನು ಕೊಟ್ಟು ಕಳಿಸಿದೆವು. ಲೆಕ್ಕ ಸರಿಯಾಗಿ ತಾಳೆಯಾಯಿತು. ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಹಣವಿಲ್ಲವೆಂದು ಹೇಳುವಂತಿಲ್ಲ. ಮುಂಬಯಿ ಮಹಾನಗರಪಾಲಿಕೆಯು 2025-26ರ ಆಯವ್ಯಯದಲ್ಲಿ ಶಿಕ್ಷಣಕ್ಕೆ 3,900 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಇರಿಸಿತು. ಸಮವಸ್ತ್ರ, ಪಾದರಕ್ಷೆ, ಪಾಟೀಚೀಲ ಮೊದಲಾಗಿ 27 ವಸ್ತುಗಳನ್ನು ಮಕ್ಕಳಿಗೆ ಪುಕ್ಕಟೆಯಾಗಿ ಕೊಡುವ ಯೋಜನೆ ಪಾಲಿಕೆಯದು. ಇದಲ್ಲದೆ 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಅನುದಾನವುಂಟು. ಅದರಲ್ಲಿ ಶೇಕಡಾ ಹತ್ತಕ್ಕೆ ಕಡಿಮೆಯಿಲ್ಲದಂತೆ ಸ್ವಚ್ಛತೆಗೆ ವ್ಯಯಿಸಬೇಕು. ಈ ವಸ್ತುಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಆಷಾಢದ ಮಳೆಯಲ್ಲಿ ಗುಡ್ಡದಿಂದ ಇಳಿದು ಬರುವ ಮಗುವಿಗೆ ಚಪ್ಪಲಿಯಿಲ್ಲದಿದ್ದರೆ ಶಾಲೆಯೇ ಇಲ್ಲ. ಆದರೆ ಚೀಲವನ್ನು ಎಣಿಸಬಹುದು, ರಸೀದಿ ಬರೆಯಬಹುದು. ಓದಲು ಬಂದದ್ದಕ್ಕೆ ರಸೀದಿ ಎಲ್ಲಿದೆ? ಎಣಿಸಲು ಬರುವ ಕಡೆಗೇ ಹಣ ಹರಿಯುತ್ತದೆ. ಇದು ಸರಕಾರದ ದೋಷ ಮಾತ್ರವಲ್ಲ, ನಮ್ಮಂಥ ಸಂಘಗಳದೂ ಹೌದು.

ಹಾಗಾದರೆ ಯಾವ ಖರ್ಚಿನಿಂದ ಮಗು ಓದಲು ಕಲಿಯುತ್ತದೆ? ಉತ್ತರವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ನಮ್ಮ ಮುಂಬಯಿಯ ಕೊಳಚೆ ವಸತಿಗಳಲ್ಲಿಯೇ 1990ರ ದಶಕದ ನಡುವಿನಲ್ಲಿ ಹುಟ್ಟಿದ ಪ್ರಥಮ್ ಎಂಬ ಸಂಸ್ಥೆ 'ಬಾಲಸಖಿ' ಎಂಬ ಕ್ರಮವನ್ನು ನಡೆಸಿತು. ಮೂರನೆಯ ಮತ್ತು ನಾಲ್ಕನೆಯ ಇಯತ್ತೆಗಳಲ್ಲಿ ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳನ್ನು ಶಾಲೆಯ ವೇಳೆಯಲ್ಲಿಯೇ ಎರಡು ತಾಸು ಬೇರೆ ಕೂರಿಸಿ, ಅದೇ ವಸತಿಯ ಒಬ್ಬ ತರುಣಿಯಿಂದ ಅಕ್ಷರ, ಕೂಡುವುದು, ಕಳೆಯುವುದು ಇವುಗಳನ್ನು ಮೊದಲಿನಿಂದ ಹೇಳಿಸುವುದು. ಆಕೆ ಪ್ರೌಢಶಾಲೆ ಓದಿದವಳು. ತರಬೇತಿ ಎರಡು ವಾರ. ಸಂಬಳ ಆಗಿನ ಕಾಲಕ್ಕೆ ತಿಂಗಳಿಗೆ ಐನೂರರಿಂದ ಏಳುನೂರೈವತ್ತು ರೂಪಾಯಿ. ಇಷ್ಟೆ.

2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾ ಶಾಲೆಗಳಲ್ಲಿ ಇದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಸಂಗಡಿಗರು ಪರೀಕ್ಷಿಸಿದರು. (ಈ ಬ್ಯಾನರ್ಜಿಯವರು ಹುಟ್ಟಿದ್ದು ಮುಂಬಯಿಯಲ್ಲಿಯೇ. ಇವರಿಬ್ಬರಿಗೂ 2019ರಲ್ಲಿ ಮೈಕೆಲ್ ಕ್ರೆಮರ್ ಅವರೊಡನೆ ನೊಬೆಲ್ ಪಾರಿತೋಷಕ ಬಂದಿತು.) ಬಾಲಸಖಿಯಿದ್ದ ಶಾಲೆಗಳಲ್ಲಿ ಅಂಕಗಳು ಏರಿದವು, ತೀರ ಹಿಂದುಳಿದಿದ್ದ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚಿನ ಲಾಭವಾಯಿತು. ಇನ್ನೊಂದು ಸಂಗತಿ ನನಗೆ ಬಹಳ ಸ್ವಾರಸ್ಯವೆನಿಸಿತು. ಈ ಮಕ್ಕಳು ಎದ್ದು ಹೋದ ಮೇಲೆ ತರಗತಿಯಲ್ಲಿ ಉಳಿದವರ ಸಂಖ್ಯೆ ಕಡಿಮೆಯಾಯಿತಲ್ಲವೆ? ಅವರಿಗೆ ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಅಂದರೆ ಗುಣ ಬಂದದ್ದು ತಲೆ ಕಡಿಮೆಯಾದದ್ದರಿಂದಲ್ಲ, ಮಗು ನಿಂತ ಮೆಟ್ಟಿಲಿಗೇ ಇಳಿದು ಕೈಹಿಡಿದದ್ದರಿಂದ. ವಿಷಯವನ್ನು ಮುಚ್ಚಿಡಬಾರದು: ಕ್ರಮ ನಿಂತು ಒಂದು ವರ್ಷ ಕಳೆದಾಗ ಲಾಭದ ಬಹುಪಾಲು ಕರಗಿತ್ತು. ಒಂದು ಸಲ ಔಷಧ ಕೊಟ್ಟು ಸುಮ್ಮನಾಗುವ ಕಾಯಿಲೆಯಲ್ಲ ಇದು.

ಇಂಗ್ಲೆಂಡಿನಲ್ಲಿ 2011ರಿಂದ ಬಡಮಕ್ಕಳ ತಲೆಯೆಣಿಕೆಯ ಮೇಲೆ ಶಾಲೆಗೆ ಪ್ರತ್ಯೇಕ ಹಣ ಕೊಡುತ್ತಾರೆ. ಅದನ್ನು ಯಾವ ಕೆಲಸಕ್ಕೆ ಖರ್ಚು ಮಾಡುತ್ತೇವೆ, ಫಲವೇನಾಯಿತು ಎಂಬುದನ್ನು ಶಾಲೆ ಬಹಿರಂಗವಾಗಿ ಪ್ರಕಟಿಸಬೇಕು. ಶ್ರೀಮಂತ ದೇಶದ ಮಾತು ನಮಗೇಕೆ ಎನ್ನಬೇಡಿ. ಕೇಳುವ ಹಕ್ಕು ನಮಗೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನಂತೆ ಸರಕಾರಿ, ಪಾಲಿಕೆ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿ ಇರಬೇಕು. ಅದರ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು. ಬಡ ಮತ್ತು ಹಿಂದುಳಿದ ಕುಟುಂಬಗಳಿಗೆ ತಕ್ಕ ಪಾಲಿರಬೇಕು. ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದೂ ಆ ಸಮಿತಿಯ ಕೆಲಸವೇ. ನಮ್ಮವರು ಈ ಸಭೆಗಳಿಗೆ ಹೋಗುವುದಿಲ್ಲ. "ನಮಗೆ ಮರಾಠಿ ಸರಿಯಾಗಿ ಬಾರದು, ಒಂದು ದಿನದ ಕೂಲಿ ಹೋಗುತ್ತದೆ" ಎನ್ನುತ್ತಾರೆ. ಕೂಲಿಯ ಮಾತು ನಿಜ. ಮರಾಠಿಯ ಮಾತಿಗೆ ಮಾತ್ರ ನಮ್ಮ ಸಂಘದ ತರುಣರು ಜೊತೆಗೆ ಹೋದರೆ ಸಾಕು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ, ಹಿರಿಯರು ಕ್ಷಮಿಸಬೇಕು. ನಮ್ಮ ವಿದ್ಯಾನಿಧಿಯ ಬಡ್ಡಿ ಪ್ರತಿವರ್ಷವೂ ಹತ್ತನೆಯ ಇಯತ್ತೆಯಲ್ಲಿ ಹೆಚ್ಚು ಅಂಕ ಪಡೆದವರ ಬಹುಮಾನಕ್ಕೆ, ಶಾಲು ಹಾರಕ್ಕೆ, ಮಿಕ್ಕದ್ದು ನೋಟುಬುಕ್ಕಿಗೆ ಹೋಗುತ್ತದೆ. ಬಹುಮಾನ ಪಡೆಯುವವರಲ್ಲಿ ಹಲವರು ಟ್ಯೂಶನ್ನಿಗೆ ಹಣ ತೆರಬಲ್ಲ ಮನೆಗಳವರು. ನನ್ನ ಅಣ್ಣನ ಮಗನೂ ಅವರಲ್ಲೊಬ್ಬ, ಆದುದರಿಂದ ಯಾರ ಮೇಲೂ ಆಕ್ಷೇಪಣೆಯಲ್ಲ. ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆಯಿತು. ಹಣ ಮೊದಲು ಹೋದದ್ದು ಜಾಣರ ಬಳಿಗಲ್ಲ, ಅಕ್ಷರವಿಲ್ಲದವರ ಬಳಿಗೆ.

ಒಬ್ಬ ಬಾಲಸಖಿಗೆ ಇಂದು ತಿಂಗಳಿಗೆ 4,000 ರೂಪಾಯಿಯಂತೆ ಹತ್ತು ತಿಂಗಳಿಗೆ 40,000 ಆಯಿತು. ಹದಿನೈದು ಮಕ್ಕಳೆಂದರೆ ಮಗುವಿಗೆ ವರ್ಷಕ್ಕೆ 2,667. ಶೇಕಡಾ ಆರೂವರೆ ಬಡ್ಡಿಯೆಂದು ಹಿಡಿದರೆ 6 ಲಕ್ಷ 15 ಸಾವಿರದಷ್ಟು ಠೇವಣಿ ಇದನ್ನು ವರ್ಷವರ್ಷವೂ ನಡೆಸಬಲ್ಲದು. ಅಷ್ಟು ನಮ್ಮಲ್ಲಿ ಇಲ್ಲ. ಅರ್ಧದಷ್ಟು ಇದೆ. ಶಾಲು ಹಾರಗಳನ್ನು ಬಿಟ್ಟು, ಬಹುಮಾನವನ್ನು ಪ್ರಶಸ್ತಿಪತ್ರಕ್ಕೆ ಇಳಿಸಿ, ಉಳಿದುದನ್ನು ನಾವು ಚಂದಾ ಎತ್ತಬಹುದು.

ಒಂದು ನಿಬಂಧನೆಯನ್ನೂ ಸಡಲಿಸಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರ ಎಂಬ ನಿಯಮ ಅಭಿಮಾನದಿಂದ ಆದದ್ದು. ಆದರೆ ಆ ಹುಡುಗಿ ಕಲಿಯುವುದು ಮರಾಠಿ ಶಾಲೆಯಲ್ಲಿ, ಏಕೆಂದರೆ ಅವಳ ಗುಡಿಸಲಿಗೆ ಹತ್ತಿರವಾದದ್ದು ಅದೇ. ಅವಳಿಗೆ ಮೊದಲು ಶಾಲೆಯ ಮರಾಠಿಯನ್ನು ಓದಿಸೋಣ, ಜೊತೆಯಲ್ಲಿಯೇ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಿಸೋಣ. ಇದರಿಂದ ಕನ್ನಡಕ್ಕೆ ನಷ್ಟವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಠರಾವು ಆಗುವವರೆಗೆ ಕಾಯುವುದು ಬೇಡವೆಂದು ನಾವು ಮೂವರು ನಿಶ್ಚಯಿಸಿದ್ದೇವೆ. ಬರುವ ಶನಿವಾರದಿಂದ ಸಂಜೆ ಐದಕ್ಕೆ ಸಂಘದ ಕೋಣೆ ತೆರೆದಿರುತ್ತದೆ. ಪಾಟಿ, ಬಳಪ ತಂದಿಟ್ಟಿದ್ದೇನೆ. ವಾರಕ್ಕೆ ಎರಡು ತಾಸು ಕೊಡಬಲ್ಲ ಅಕ್ಕತಂಗಿಯರು ಸಭೆ ಮುಗಿದ ಮೇಲೆ ನನ್ನಲ್ಲಿ ಹೆಸರು ಬರೆಯಿಸಬೇಕಾಗಿ ಪ್ರಾರ್ಥನೆ.