ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ?

ಜೀರಹಳ್ಳಿಯ ಮಕ್ಕಳೇ, ಬಸ್ಸಿನಲ್ಲಿ ಸತ್ಯಮಂಗಲಕ್ಕೆ ಹೋಗಿದ್ದೀರಲ್ಲ? ದಿಂಬಂ ಘಾಟಿಯ 27 ತಿರುವು ಇಳಿಯುವಾಗ ಎಷ್ಟೋ ಜನರಿಗೆ ಹೊಟ್ಟೆ ತೊಳಸುತ್ತದೆ. ಕೆಟ್ಟ ಊಟ ಉಂಡಾಗಲೂ ತೊಳಸುತ್ತದೆ. ಆದರೆ ಬಸ್ಸಿನಲ್ಲಿ ತೊಂದರೆ ಶುರುವಾಗುವುದು ಕಿವಿಯ ಒಳಭಾಗದಲ್ಲಿ, ಹೊಟ್ಟೆ ಕೆಟ್ಟಾಗ ಕರುಳಿನಲ್ಲಿ.

ಕರುಳು ಕೆಟ್ಟಾಗ ಅಲ್ಲಿನ ಕೆಲವು ಜೀವಕೋಶಗಳು ಸೆರೊಟೋನಿನ್ ಎಂಬ ವಸ್ತುವನ್ನು ಹೊರಬಿಡುತ್ತವೆ. ಅದು ತಾಗಿದ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ವಾಂತಿ ಬರುತ್ತದೆ. ಒಂಡಾನ್‌ಸೆಟ್ರಾನ್ ಎಂಬ ಔಷಧ, ಸೆರೊಟೋನಿನ್ ನರಕ್ಕೆ ತಾಗದಂತೆ ಅಡ್ಡ ನಿಲ್ಲುತ್ತದೆ. ಘಾಟಿಯ ವಾಂತಿಗೆ ಇದು ಅಷ್ಟಾಗಿ ನಾಟದಿರುವುದು ಏಕೆಂದು ಈಗ ನೀವೇ ಹೇಳಬಲ್ಲಿರಿ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನು ಮುಂದಿದೆ. ಬೋರ್‌ವೆಲ್ ನೀರನ್ನು ಮಣ್ಣಿನ ಕಾಲುವೆಯಲ್ಲಿ ಕೋಸಿನ ಹೊಲಕ್ಕೆ ಹಾಯಿಸಿದರೆ ದಾರಿಯಲ್ಲೇ ಒಂದಷ್ಟು ಇಂಗುತ್ತದೆ. ಪೈಪಿನಲ್ಲಿ ಬಿಟ್ಟರೆ ಅಷ್ಟೂ ಗಿಡದ ಬುಡಕ್ಕೆ ಬೀಳುತ್ತದೆ. ನುಂಗಿದ ಮಾತ್ರೆಯದು ಕಾಲುವೆಯ ದಾರಿ. ಕರುಳು ಹೀರಿದ ಔಷಧ ಮೊದಲು ಹೋಗುವುದು ಪಿತ್ತಜನಕಾಂಗಕ್ಕೆ. ಅಲ್ಲಿ ಒಂದು ಪಾಲು ಒಡೆದುಹೋಗುತ್ತದೆ. ಒಂಡಾನ್‌ಸೆಟ್ರಾನ್ 8 ಮಿಲಿಗ್ರಾಂ ನುಂಗಿದರೆ ಮೈಯೆಲ್ಲ ಸುತ್ತುವ ರಕ್ತಕ್ಕೆ ದಕ್ಕುವುದು ಸುಮಾರು 5 ಮಿಲಿಗ್ರಾಂ ಮಾತ್ರ! ಅದು ರಕ್ತದಲ್ಲಿ ತುಂಬಿಕೊಳ್ಳಲು ಒಂದೂವರೆ-ಎರಡು ಗಂಟೆ ಬೇಕು.

ರಕ್ತನಾಳಕ್ಕೆ ಚುಚ್ಚಿದ ಇಂಜೆಕ್ಷನ್‌ನದು ಪೈಪಿನ ದಾರಿ. ಪೂರ್ತಿ ಔಷಧ, ಆ ಕ್ಷಣವೇ ರಕ್ತದಲ್ಲಿ. ನುಂಗಿದ್ದೆಲ್ಲ ವಾಂತಿಯಾಗುತ್ತಿದ್ದರೆ ಮಾತ್ರೆಯೂ ಹೊರಬರುತ್ತದಲ್ಲ, ಆಗ ಡಾಕ್ಟರು ಸೂಜಿ ಹಿಡಿಯುತ್ತಾರೆ.

ಇದೇ ಔಷಧದ, ನಾಲಿಗೆಯ ಮೇಲಿಟ್ಟರೆ ಕರಗುವ ಮಾತ್ರೆಯೂ ಇದೆ. ನಾಲಿಗೆಯಿಂದಲೇ ರಕ್ತಕ್ಕೆ ಇಳಿಯುತ್ತದೆಂದು ದೊಡ್ಡವರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಜೊಲ್ಲಿನ ಜೊತೆ ಹೊಟ್ಟೆಗೇ ಇಳಿದು, ಅದೇ ಕಾಲುವೆಯಲ್ಲಿ ಸಾಗುತ್ತದೆ. ನೀರು ಕುಡಿಯಲಾಗದ ಮಗುವಿಗೆ ನೀರಿಲ್ಲದೆ ಕೊಡಬಹುದು, ಅಷ್ಟೇ ಅನುಕೂಲ.

ಹಾಗಾದರೆ ಜಾಸ್ತಿ ಕೊಟ್ಟರೆ ಜಾಸ್ತಿ ಗುಣವೇ? ಇಲ್ಲ. ಅಡ್ಡ ನಿಲ್ಲಬೇಕಾದ ಜಾಗಗಳೆಲ್ಲ ತುಂಬಿದ ಮೇಲೆ ಉಳಿದ ಔಷಧಕ್ಕೆ ಅಲ್ಲಿ ಕೆಲಸವಿಲ್ಲ. ತಲೆನೋವು, ಮಲಬದ್ಧತೆ ಬರಬಹುದು. ತೀರಾ ಹೆಚ್ಚಾದರೆ ಹೃದಯ ಬಡಿತದ ಲಯವೇ ತಪ್ಪಬಹುದು. ದೊಡ್ಡವರಿಗೂ ಒಂದೇ ಸಲಕ್ಕೆ 32 ಮಿಲಿಗ್ರಾಂ ರಕ್ತನಾಳಕ್ಕೆ ಕೊಡಬಾರದೆಂದು 2012ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತು.

ಮಕ್ಕಳಿಗೆ ಅಳತೆ ತೂಕ ನೋಡಿಯೇ. ಭೇದಿ, ವಾಂತಿಯೆಂದು ಬಂದ 20 ಕಿಲೋ ತೂಕದ ಮಗುವಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ. ಡಾಕ್ಟರು ನಿಮ್ಮನ್ನು ತೂಕದ ಯಂತ್ರ ಹತ್ತಿಸಿದಾಗ ಮುಳ್ಳು ಎಲ್ಲಿ ನಿಂತಿತೆಂದು ನೀವೂ ಬಗ್ಗಿ ನೋಡಿ.