ಪರದೆಯ ಪಾಠ, ತರಗತಿಯ ಪ್ರಶ್ನೆ



ಕಾಲೇಜಿನ ಪಾಠಕ್ಕೆ ಪರದೆ ಬಂದದ್ದು ಕೋವಿಡ್ ಕಾಲದಲ್ಲಿ ಎಂಬುದು ಹಲವರ ಎಣಿಕೆ. ಆದರೆ ಅದರ ಚರಿತ್ರೆ ಅಷ್ಟು ಚಿಕ್ಕದಲ್ಲ. 1984ರ ಆಗಸ್ಟ್‌ನಲ್ಲಿಯೇ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೂರದರ್ಶನದ ಮೂಲಕ ‘ಕಂಟ್ರಿವೈಡ್ ಕ್ಲಾಸ್‌ರೂಂ’ ಕಾರ್ಯಕ್ರಮವನ್ನು ಆರಂಭಿಸಿತು. ಸಣ್ಣ ಊರಿನ ವಿದ್ಯಾರ್ಥಿಗೂ ಒಳ್ಳೆಯ ಪಾಠ ಸಿಗಲಿ ಎಂಬುದು ಆಶಯ. ಆದರೆ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿದ್ದವು. ಪ್ರಸಾರದ ಹೊತ್ತಿಗೆ ಸರಿಯಾಗಿ ಕರೆಂಟು ಇರಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಥವಾಗದವನು ಕೈಯೆತ್ತಿದರೆ ಪೆಟ್ಟಿಗೆಯೊಳಗಿನ ಅಧ್ಯಾಪಕರಿಗೆ ಕಾಣುತ್ತಿರಲಿಲ್ಲ.

ಈ ಕೊರತೆಯನ್ನು ನೀಗಲು ಮತ್ತೊಂದು ಪ್ರಯತ್ನ ನಡೆಯಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ರೂಪಿಸಿದ ದೇಶದ ಮೊದಲ ಉಪಗ್ರಹ. ಅದರ ಪೂರ್ವಪ್ರಯೋಗದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ಸೂಕ್ತ ಸಲಕರಣೆಯಿದ್ದ ಕೇಂದ್ರಗಳಲ್ಲಿ ಕುಳಿತವರು ಉಪನ್ಯಾಸಕರನ್ನು ಪ್ರಶ್ನಿಸಬಹುದಿತ್ತು. ಆದರೆ ನೂರಾರು ಮಂದಿಯ ನಡುವೆ ಎಷ್ಟು ಜನರ ಸರದಿ ಬಂದೀತು?

ಅಂತರ್ಜಾಲವು ಸಮಯದ ಕಟ್ಟನ್ನು ಬಿಡಿಸಿತು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ಬೇಕಾದಾಗ ನೋಡಬಹುದು, ನಿಲ್ಲಿಸಿ ಮತ್ತೆ ಕೇಳಬಹುದು. 2017ರಲ್ಲಿ ‘ಸ್ವಯಂ’ ಬಂದಿತು. 2021ರ ನಿಯಮವಂತೂ ಒಂದು ಸೆಮಿಸ್ಟರಿನ ಪಠ್ಯವಿಷಯಗಳಲ್ಲಿ ಶೇ 40ರವರೆಗೆ ಅದರ ಮೂಲಕ ಕಲಿಯಲು ಅವಕಾಶ ಕೊಟ್ಟಿತು.

ಆದರೆ ತಲುಪಿಸುವುದೇ ಕಲಿಸುವುದಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಅಂತರ್ಜಾಲ ಸೌಲಭ್ಯವಿದ್ದ ಮನೆಗಳು ನಗರಗಳಲ್ಲಿ ಶೇ 42, ಹಳ್ಳಿಗಳಲ್ಲಿ ಸುಮಾರು ಶೇ 15 ಮಾತ್ರ. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನ ಹುಡುಗ ಹುಡುಗಿಯರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ. ಸಂಪರ್ಕ ಆಮೇಲೆ ಸುಧಾರಿಸಿತು, ನಿಜ. ಸಿಗ್ನಲ್ ಸಿಕ್ಕ ಮೇಲೂ ಅನುಮಾನ ಪರಿಹರಿಸುವವರು ಬೇಕಲ್ಲವೇ?

ಇದಕ್ಕೆ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಅನುಭವ ಪಾಠವಾಗಬಲ್ಲದು. 1971ರಲ್ಲಿ ಬೋಧನೆ ಆರಂಭಿಸಿದ ಅದು ಬಿಬಿಸಿಯ ಪ್ರಸಾರದಿಂದ ಹೆಸರಾಯಿತು. ಆದರೆ ಅದರ ಬಲ ಪ್ರಸಾರವೊಂದೇ ಆಗಿರಲಿಲ್ಲ. ಅಂಚೆಯಲ್ಲಿ ಬರುವ ಅಚ್ಚುಕಟ್ಟಾದ ಪಠ್ಯ, ಉತ್ತರಗಳನ್ನು ತಿದ್ದಿ ಟಿಪ್ಪಣಿ ಬರೆದು ಕಳಿಸುವ ಬೋಧಕ, ಊರಿನ ಹತ್ತಿರದ ಅಧ್ಯಯನ ಕೇಂದ್ರ ಇವೆಲ್ಲ ಅದರ ಬೆನ್ನಿಗಿದ್ದವು. ಯಂತ್ರದ ಜೊತೆಗೆ ಮನುಷ್ಯನನ್ನೂ ಲೆಕ್ಕಕ್ಕೆ ಹಿಡಿದದ್ದೇ ಅಲ್ಲಿನ ಜಾಣತನ.

ನಮ್ಮ ತರಗತಿಗಳಲ್ಲಿ ಇಂದಿಗೂ ಎಷ್ಟೋ ಗಂಟೆ ನೋಟ್ಸ್ ಬರೆಸುವುದರಲ್ಲೇ ಕಳೆಯುತ್ತದೆ. ಅಧ್ಯಾಪಕರು ಹೇಳುವುದು, ವಿದ್ಯಾರ್ಥಿಗಳು ಬರೆದುಕೊಳ್ಳುವುದು. ಈ ಕೆಲಸವನ್ನು ಧ್ವನಿಮುದ್ರಿತ ಪಾಠ ಧಾರಾಳವಾಗಿ ಮಾಡಬಲ್ಲದು. ಆಗ ಉಳಿದ ಸಮಯ ಚರ್ಚೆಗೆ, ಲೆಕ್ಕ ಬಿಡಿಸಲು, ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಒದಗುತ್ತದೆ. ಹಿಂದಿನ ಬೆಂಚಿನ ಹುಡುಗಿಯ ಸಂಕೋಚವೂ ಸ್ವಲ್ಪ ಕಳೆದೀತು.

ಆದರೆ ಪಾಠ ಹೇಗೂ ಫೋನಿನಲ್ಲಿದೆ, ಇನ್ನು ಉಪನ್ಯಾಸಕರೇಕೆ ಎಂದು ಆಡಳಿತದವರು ಹುದ್ದೆಗಳನ್ನು ಖಾಲಿ ಬಿಟ್ಟರೆ ಅದೇ ಯಂತ್ರ ಕಲಿಕೆಗೆ ಮುಳುವಾಗುತ್ತದೆ. ಹೊಸ ತಂತ್ರಜ್ಞಾನ ಕೊಳ್ಳುವ ಪ್ರತಿಯೊಂದು ವಿಶ್ವವಿದ್ಯಾಲಯವೂ ಮೊದಲು ಈ ಮಾತಿಗೆ ಉತ್ತರ ಹೇಳಬೇಕು: ಪಾಠ ಮುಗಿದ ಮೇಲೆ ವಿದ್ಯಾರ್ಥಿ ಕೈಯೆತ್ತಿದರೆ ನೋಡುವವರು ಯಾರು?